ತಾಳಿ ತೆಗದು ಜಳಕಾ ಮಾಡಿದ್ರ ಏನೂ ಆಗೂದಿಲ್ಲ

ಆಷಾಢಕ್ಕಂತ ಮಗಳು ಮನಿಗೆ ಬಂದಿದ್ಲು. ಲಗ್ನಾಗಿ ಇನ್ನೂ ಮೂರು ತಿಂಗಳು. ಬಂದ ಮರುದಿನಾ ಮುಂಜಾನೆ ಬಚ್ಚಲಕ್ಕ ಹೋಗೂ ಮುಂದ ಕೊರಳಾಗಿನ ತಾಳಿ ಸರಾ ತೆಗದು, ಕನ್ನಡಿ ಬಾಜೂಕಿನ ಮೊಳಿಗೆ ಹಾಕಿ ಒಳಗ ಹೋದ್ಲು. ಪಡಸಾಲ್ಯಾಗ ಕುಂತು ಬತ್ತಿ ಹೊಸ್ಯಾಕತ್ತಿದ್ದ ನಮ್ಮತ್ತಿಯವರ ಕಣ್ಣಿಗೆ ಅದು ಬಿತ್ತು.

‘ಯವ್ವಾ! ಯಾರ ತಾಳಿ ಇದು ಮೊಳಿಗೆ ಜೋತಾಡಾಕತ್ತೈತಿ?’ ಅಂತ ಅವರು ಕೂಗಿದ್ದು ಓಣಿ ತುದಿ ತನಕ ಕೇಳಿಸಿರಬೇಕು.

ಮಗಳು ತೋಯ್ದ ತಲಿಗೆ ಟಾವೆಲ್ ಸುತ್ತಿಕೊಂಡು ಹೊರಗ ಬಂದ್ಲು. ‘ಆಯಿ, ಈ ಸವಳ ನೀರಿಗೆ ಸರಾ ಕೆಡ್ತೈತಿ. ಅದಕ್ಕ ತೆಗದೇನಿ. ಈಗ ಹಾಕ್ಕೋತೇನಲ್ಲ.’

‘ಸರಾ ಕೆಡ್ತೈತಂತ ಕೊರಳು ಬರೇದು ಮಾಡ್ಕೋತಿಯೇನ? ಮುತ್ತೈದಿ ಕೊರಳು ಒಂದು ಗಳಿಗಿ ಸೈತ ಬರೇದಿರಬಾರದವಾ. ನಿಮ್ಮವ್ವ ನಿನಗ ಇಷ್ಟೂ ಹೇಳಿಲ್ಲೇನ?’

ಮಾತು ನನ್ನ ಕಡೆ ತಿರಗಿತು ನೋಡ್ರಿ. ಒಲಿ ಮ್ಯಾಲ ಹಾಲು ಇಟ್ಟೇನಿ ಅಂತ ನೆವಾ ಮಾಡಿ ನಾ ಅಡಗಿ ಮನಿಗೆ ಜಾರಿದೆ. ಅತ್ತಿ ಎದುರಿಗೆ ಮಗಳ ಪರ ವಹಿಸಿದ್ರ ಒಂದು ಕಷ್ಟ, ಮಗಳ ಎದುರಿಗೆ ಅತ್ತಿ ಪರ ವಹಿಸಿದ್ರ ಇನ್ನೊಂದು ಕಷ್ಟ. ಆದ್ರ ಹಾಲು ಉಕ್ಕೂ ತನಕ ನಿಂತು ವಿಚಾರ ಮಾಡಿದೆ. ಈ ಜಗಳಾ ನಮ್ಮನಿ ಒಂದರಾಗ ಇಲ್ಲ, ನಮ್ಮ ಓಣ್ಯಾಗ ಭಾಳ ಮಂದಿ ಮನ್ಯಾಗ ಐತಿ. ಹಂಗಾಗಿ ಅಕ್ಕಾರ, ತಂಗೇರ, ನನ್ನ ಅಭಿಪ್ರಾಯ ಮೊದಲಿಗೇ ಹೇಳಿಬಿಡ್ತೇನಿ. ತಾಳಿ ತೆಗದು ಜಳಕಾ ಮಾಡಿದ್ರ ಮುತ್ತೈದಿತನಕ್ಕ ಏನೂ ಆಗೂದಿಲ್ಲ. ನಮ್ಮ ಒಡವಿ ಒಳಗ ಏನೈತಿ ಅನ್ನೂದು ನಮಗ ಗೊತ್ತಿಲ್ಲದಿದ್ರ ಮಾತ್ರ ಭಾಳ ಆಗ್ತೈತಿ. ಇದನ್ನ ನಾನು ಪುಸ್ತಕದಾಗ ಓದಿ ಕಲತದ್ದಲ್ಲ, ಕಳಕೊಂಡು ಕಲತದ್ದು.

ನಾನು ರೋಣದ ಮಗಳು, ಗಜೇಂದ್ರಗಡದ ಸೊಸಿ. ಲಗ್ನದಾಗ ನಮ್ಮವ್ವ ತನ್ನ ಬೋರಮಳ ಸರಾ ನನ್ನ ಕೊರಳಿಗೆ ಹಾಕಿ, ‘ಮೂರು ತೊಲಿ ಐತಿ, ಜ್ವಾಕಿ’ ಅಂದಿದ್ಲು. ಜ್ವಾಕಿ ಅಂದ್ರ ಕೊರಳಾಗಿಂದ ತೆಗೀದ ಇರೂದು ಅಂತ ನಾ ತಿಳಕೊಂಡೆ. ಇಪ್ಪತ್ತೆರಡು ವರ್ಷ ಅದನ್ನ ಹಾಕ್ಕೊಂಡ ಜಳಕಾ ಮಾಡೇನಿ. ಬೋರಿನ ನೀರು, ಸಾಬಾನು, ತಲಿಗೆ ಶಾಂಪೂ, ಎಲ್ಲಾ ಅದರ ಮ್ಯಾಲನ ಹರದಾವ. ಹೊಳಪು ಹೋತಂದ್ರ ದೀಪಾವಳಿಗೊಮ್ಮೆ ಅರಿವಿ ಒಗಿಯೂ ಸೋಡಾ ಹಾಕಿದ ನೀರಾಗ ಕುದಿಸಿ, ಹಳೇ ಬ್ರಶ್ಶಿನಲೆ ತಿಕ್ಕಿ, ‘ನೋಡ್ರಿ ಹೆಂಗ ಫಳಫಳ ಅಂತೈತಿ’ ಅಂತ ನೆಗೆಣ್ಣಿಗೆ ತೋರಿಸಿದಾಕಿನೂ ನಾನ.

ಒಂದು ದಿನಾ ಬಚ್ಚಲದಾಗ ತಲಿ ಮ್ಯಾಲ ನೀರು ಸುರಕೊಳ್ಳೂ ಮುಂದ ದಾರ ಪಟ್ಟನ ಹರೀತು. ಗುಂಡೆಲ್ಲಾ ಫರಶಿ ಮ್ಯಾಲ ಉಳ್ಳಿ ಮೋರಿ ಕಡೆ ಓಡಿದ್ವು. ನಾನು ಕಾಲು ಅಡ್ಡಾ ಇಟ್ಟು ಕೂಗಿದೆ. ಮಗ ಬಂದು ಮೋರಿಗೆ ಅರಿವಿ ತುರುಕಿದ, ಆಮ್ಯಾಲ ರಾಡಿ ತೆಗದು ಜರಡಿ ಹಿಡದ್ವಿ. ಒಂಬತ್ತು ಗುಂಡು ಸಿಗಲೇ ಇಲ್ಲ. ಸಿಕ್ಕದ್ದರೊಳಗೂ ಸುಮಾರು ನೆಗ್ಗಿದ್ವು. ಹಿಸಕಿದ್ರ ಬೆಳ್ಳುಳ್ಳಿ ಸಿಪ್ಪಿ ಹಂಗ ಒಳಗ ಹೋಗ್ತಿದ್ವು.

ಮುಂದ ಈ ಮಗಳ ಕಾಲೇಜ ಫೀ ತುಂಬೂ ಹೊತ್ತು ಬಂತು. ಆ ವರ್ಷ ಹೆಸರು ಕೈ ಕೊಟ್ಟಿತ್ತು, ಕಡ್ಲಿ ಇನ್ನೂ ಹೊಲದಾಗ ಇತ್ತು. ಸರದ ಉಳಿದ ಗುಂಡು ಗಂಟು ಕಟ್ಟಿಕೊಂಡು ಸಾಲಾ ತರಾಕ ಹೋದೆ. ತೂಕಾ ಮಾಡಾಂವ ಒಂದು ಗುಂಡು ಕಣ್ಣ ಹತ್ರ ಹಿಡದು ನೋಡಿ ಅಂದ: ‘ಅಕ್ಕಾರ, ಇದರಾಗ ಅರಗು ಐತ್ರಿ, ಅದೂ ನೀರು ಕುಡದೈತಿ. ನಾವು ಬರೇ ಬಂಗಾರದ ತೂಕಾ ಹಿಡೀಬೇಕಲ್ರಿ.’ ಕಳದು ಬಳದು ಹದಿನಾಲ್ಕು ಗ್ರಾಂ ಅಂತ ಬರದ. ಮೂರು ತೊಲಿ ಅಂದ್ರ ಮೂವತ್ತೈದು ಗ್ರಾಂ ಆಗ್ತೈತಿ. ನಾ ಅಲ್ಲೇ ನಿಂತು ಅವನ ಜೋಡಿ ವಾದಾ ಮಾಡಿದೆ, ಆದ್ರ ಅವನ ತಪ್ಪಿರಲಿಲ್ಲ. ಅವ್ವಂದೂ ತಪ್ಪಿರಲಿಲ್ಲ. ಅರಗು, ದಾರ ಎಲ್ಲಾ ಸೇರಿ ಮೂರು ತೊಲಿ ಅನ್ನೂದು ಆಕಿಗೂ ಯಾರೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಕೊರಳಾಗ ಹೊತ್ತು ತಿರಿಗ್ಯಾಡಿದ ಸರದೊಳಗ ಏನೈತಿ ಅನ್ನೂದು ನನಗ ಗೊತ್ತಿರಲಿಲ್ಲ, ಹೊರಗಿನ ಮನಶ್ಯಾ ಒಬ್ಬಾಂವ ಎರಡು ನಿಮಿಷದಾಗ ಹೇಳಿದ.

ಆಮ್ಯಾಲ ನಮ್ಮ ಪತ್ತಾರ ಮಾಮಾನ ಹತ್ರ ಹೋಗಿ ಕುಂತು ಎಲ್ಲಾ ಕೇಳಿ ತಿಳಕೊಂಡೆ. ನಿಮಗೂ ಹೇಳ್ತೇನಿ, ಚಾ ಕುಡಕೋತ ಕೇಳ್ರಿ.

ನೀರು ಬಂಗಾರಾ ತಿನ್ನೂದಿಲ್ಲ. ಇದು ಮೊದಲನೇ ಮಾತು. ಗದಗ ಹತ್ರ ಲಕ್ಕುಂಡಿ ಐತಲ್ಲ, ಹಿಂದಿನ ಕಾಲದಾಗ ಅಲ್ಲಿ ಟಂಕಸಾಲಿ ಇತ್ತು, ಅಲ್ಲಿ ಅಚ್ಚು ಹಾಕಿದ ಬಂಗಾರದ ನಾಣ್ಯಾಕ್ಕ ಲೊಕ್ಕಿ ಗದ್ಯಾಣ ಅಂತಿದ್ರು. ಅಂಥಾ ಹಳೇ ನಾಣ್ಯಾ ನೂರಾರು ಮಳಿಗಾಲ ಮಣ್ಣಾಗ ಬಿದ್ದಿದ್ರೂ ತೊಳದ್ರ ಹಳದೀನ ಇರ್ತಾವ. ಅಮೆರಿಕಾದ ಕಡೆ 1857ರಾಗ ಬಂಗಾರಾ ಹೊತ್ತ ಹಡಗ ಒಂದು ಸಮುದ್ರದಾಗ ಮುಳಗಿತ್ತಂತ. 1988ರಾಗ ಅದರೊಳಗಿನ ನಾಣ್ಯಾ ತೆಗದಾಗ ನೂರಾ ಮೂವತ್ತು ವರ್ಷ ಉಪ್ಪು ನೀರಾಗಿದ್ದ ಬಂಗಾರಾ ಬಂಗಾರನ ಆಗಿತ್ತು. ನಾವು ಹಾಕ್ಕೊಳ್ಳೂದು 22 ಕ್ಯಾರೆಟ್ಟಿಂದು. ಸಾವಿರ ಪಾಲಿನ್ಯಾಗ 916 ಪಾಲು ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿ. ಅದಕ್ಕ 916 ಅಂತ ಅಚ್ಚು ಹಾಕಿರ್ತಾರ. ಅದೂ ಬರೇ ನೀರಿಗೆ ಅಂಜೂದಿಲ್ಲ. ಬಚ್ಚಲ ತಿಕ್ಕೂ ಬ್ಲೀಚಿಂಗ್ ಪೌಡರಿಗೆ ಮಾತ್ರ ಅಂಜಬೇಕು. ಅದರೊಳಗಿನ ಕ್ಲೋರಿನ್ನು ಬೆಸಗಿ ಹಾಕಿದ ಜಾಗಾ ಸಣ್ಣಗ ತಿಂತೈತಿ. ಬಚ್ಚಲ ತೊಳಿಯೂ ಮುಂದ ಬಿಲ್ವಾರ, ಉಂಗರ ತೆಗದು ಇಡ್ರಿ.

ನೀರು ತಿನ್ನೂದು ಬಂಗಾರದ ಜೋಡಿ ಇರೂ ಸಾಮಾನು. ಅರಗು ತಗೊಳ್ರಿ. ಬಾರಿ ಗಿಡಾ, ಮುತ್ತಲ ಗಿಡದ ಟೊಂಗಿ ಮ್ಯಾಲ ಒಂದು ಸಣ್ಣ ಹುಳಾ ಕಟ್ಟೂ ಅಂಟು ಅದು. ಬೋರ ಅಂದ್ರ ಮರಾಠಿಯೊಳಗ ಬಾರಿಹಣ್ಣು. ಬಾರಿಹಣ್ಣಿನ ಹಂಗ ಗುಂಡಗಿರೂ ಬಂಗಾರದ ತೆಳ್ಳನ ಹಾಳಿ ಒಳಗ ಅರಗು ತುಂಬಿ ಬೋರಮಳ ಮಾಡ್ತಾರ. ಗೆಜ್ಜೆಟಿಕ್ಕಿ, ಗುಂಡಿನ ಟೀಕಿ, ಹಳೇ ತೋಡೆ, ಇವುಗಳ ಒಳಗೂ ಅರಗು ಇರ್ತೈತಿ. ಇದರಾಗ ಮೋಸಾ ಇಲ್ಲ. ಸ್ವಲ್ಪ ಬಂಗಾರದಾಗ ಕೊರಳು ತುಂಬಿ ಕಾಣಲಿ ಅಂತ ಬಡವರ ಮನಿ ಹೆಣ್ಣಮಕ್ಕಳ ಸಲುವಾಗಿ ಹಿರ್ಯಾರು ಕಂಡುಕೊಂಡ ಜಾಣತನ ಅದು. ಆದ್ರ ಅರಗಿಗೆ ಎರಡು ವೈರಿ. ಒಂದು ಕಾವು. 65–70 ಡಿಗ್ರಿಗೆ ಅದು ಮೆತ್ತಗಾಗ್ತೈತಿ. ಜಳಕದ ನೀರಿಗೆ ಕರಗೂದಿಲ್ಲ, ಕುದಿಯೂ ನೀರಿಗೆ ಕರಗತೈತಿ. ಇನ್ನೊಂದು ಸೋಡಾ. ಅರಿವಿ ಒಗಿಯೂ ಸೋಡಾದಾಗ, ಸಾಬಾನಿನ ಪುಡಿಯೊಳಗ ಅರಗು ಬಿಟಗೋತ ಬರ್ತೈತಿ. ಅಂದ್ರ ನಾ ದೀಪಾವಳಿಗೊಮ್ಮೆ ಮಾಡ್ತಿದ್ದದ್ದು ಸ್ವಚ್ಛತಾ ಅಲ್ಲ, ನನ್ನ ಕೈಯಿಂದ ನಾನ ಸರದ ಹೊಟ್ಟಿ ಬರೇದು ಮಾಡ್ಕೊಂಡದ್ದು. ಒಳಗಿನ ಆಸರ ಹೋದ ಮ್ಯಾಲ ತೆಳ್ಳನ ಹಾಳಿ ನೆಗ್ಗದ ಏನು ಮಾಡೀತು?

ಮುತ್ತು, ಹವಳಾ ಸುಣ್ಣದ ಜಾತಿ. ಲಿಂಬಿಹಣ್ಣು, ಹುಣಸಿಹಣ್ಣು ತಾಗಿದ್ರ ಅವು ಕರಗತಾವ. ದೇವರ ಸಾಮಾನು ಹುಣಸಿಹಣ್ಣಿಲೆ ತಿಕ್ಕೂ ಹಂಗ ತಾಳಿ ಸರದಾಗಿನ ಹವಳಾ ತಿಕ್ಕಬ್ಯಾಡ್ರಿ. ಸೆಂಟು, ಪೌಡರು ಹಚ್ಚಿಕೊಂಡ ಮ್ಯಾಲ ಮುತ್ತು ಹಾಕ್ಕೊಳ್ರಿ, ಬಂದ ಕೂಡಲೇ ಮೊದಲು ಮುತ್ತು ತೆಗೀರಿ. ಕಲ್ಲಿನ ಝುಮಕಿ ಇದ್ರ ಅದರ ಕಲ್ಲಿನ ಹಿಂದ ಬೇಗಡಿ ಹಚ್ಚಿರ್ತಾರ, ನೀರು ಒಳಗ ಹೋತಂದ್ರ ಕಲ್ಲು ಕಪ್ಪಾಗಿ ಕಾಣತೈತಿ. ಕಲ್ಲು ಕೆಟ್ಟಿಲ್ಲ, ಹಿಂದಿನ ಬೇಗಡಿ ಕೆಟ್ಟೈತಿ. ಒಂದು ಗ್ರಾಂ ಗೋಲ್ಡಂತೂ ತಾಮ್ರ, ಹಿತ್ತಾಳಿ ಮ್ಯಾಲ ಬಂಗಾರದ ಬಣ್ಣಾ ಕುಡಿಸಿದ್ದು. ಬೆವರು, ಸಾಬಾನು ತಾಗಿಕೋತ ಹೋದ್ರ ಬಣ್ಣಾ ಹೋಗಿ ಕೊರಳು ಹಸರ ಆಗ್ತೈತಿ. ಇನ್ನ ದಾರ. ನೂಲಿನ ದಾರ ದಿನಾ ತೊಯ್ದು ದಿನಾ ಒಣಗಿ ಒಳಗ ಕೊಳೀತೈತಿ. ಹೊರಗಿಂದ ಗಟ್ಟಿನ ಕಾಣತೈತಿ, ಹರಿಯೂ ದಿನಾನ ಅದರ ಬಣ್ಣಾ ಗೊತ್ತಾಗೂದು.

ನಮ್ಮ ಕಡೆ ನೀರಿನ ಗುಣಾನೂ ನೋಡ್ರಿ. ಗಜೇಂದ್ರಗಡ, ರೋಣದ ಕಡೆ ಬೋರಿನ ನೀರು ಕಾಸೂ ಹಂಡೆದಾಗ ಬಿಳೇ ಪಕಳಿ ಕಟ್ಟತೈತಲ್ಲ, ಸಾಬಾನಿಗೆ ಬುರುಗು ಬರೂದಿಲ್ಲಲ್ಲ, ಅದ ಸುಣ್ಣದ ನೀರು ಸಾಬಾನಿನ ಜೋಡಿ ಕೂಡಿ ಜಿಗಟಾಗಿ ಕರಿಮಣಿ ಸಂದಿಯೊಳಗ, ತಾಳಿ ಹಿಂದ ಕುಂದ್ರತೈತಿ. ಅದಕ್ಕ ಹೊಳಪು ಹೋಗೂದು, ಕೊರಳಿಗೆ ತುರಿಕಿ ಬರೂದು. ಕಾಲಕಾಲೇಶ್ವರದ ಅಂತರಗಂಗಿ ನೀರು ಎಲ್ಲಾರ ಮನಿ ಬಚ್ಚಲಕ್ಕ ಬರೂದಿಲ್ಲಲ್ಲ.

ಇಷ್ಟೆಲ್ಲಾ ನಾನು ಅವತ್ತ ರಾತ್ರಿ ಊಟಾ ಆದ ಮ್ಯಾಲ ಅತ್ತಿಯವರ ಮುಂದ ಹೇಳಿದೆ. ಮಗಳು ಬಾಜೂಕ ಕುಂತಿದ್ಲು. ಅತ್ತಿಯವರು ಎಲಿ ಅಡಕಿ ಹಾಕ್ಕೊಂಡು ಪೂರಾ ಕೇಳಿದ್ರು. ಆಮ್ಯಾಲ ಒಂದ ಮಾತು ಅಂದ್ರು: ‘ಎಲ್ಲಾ ಖರೇನವಾ. ಕೊಣ್ಣೂರಾಗ ಏನಾತು, ಮರತಿಯೇನ?’

ಮರಿಯೂ ಮಾತಲ್ಲ ಅದು. ನನ್ನ ಸಣ್ಣ ನಾದಿನಿನ್ನ ಕೊಣ್ಣೂರಿಗೆ ಕೊಟ್ಟೇವಿ, ನರಗುಂದ ತಾಲೂಕು, ಮಲಪ್ರಭಾ ಹೊಳಿ ದಂಡಿ. ನರಗುಂದ ಅಂದ್ರ ನೀರಿಗಾಗಿ ಬಡದಾಡಿದ ನಾಡು. 1980ರ ಜುಲೈ 21ಕ್ಕ ರೈತರು ಗುಂಡಿಗೆ ಎದಿ ಕೊಟ್ಟದ್ದು ಕಾಲುವಿ ನೀರಿನ ಕರದ ಸಲುವಾಗಿ, ಮಹದಾಯಿ ನೀರು ಬೇಕಂತ ವರ್ಷಗಟ್ಟಲೆ ಧರಣಿ ಕುಂತದ್ದೂ ಅಲ್ಲೇ. ಅಂಥಾ ತಾಲೂಕಿಗೆ 2019ರ ಆಗಸ್ಟದಾಗ ಬ್ಯಾಡ ಬ್ಯಾಡ ಅಂದ್ರೂ ನೀರು ಬಂತು. ನವಿಲುತೀರ್ಥದ ಡ್ಯಾಮ್ ತುಂಬಿ ಹೊಳಿಗೆ ನೀರು ಬಿಟ್ರು. ಕೊಣ್ಣೂರು, ಲಖಮಾಪುರ, ನಮ್ಮ ರೋಣದ ಕಡೆ ಹೊಳೆಆಲೂರು, ಮೆಣಸಗಿ, ಹೊಳಿ ದಂಡಿ ಊರಿಗೆಲ್ಲಾ ನೀರು ಹೊಕ್ಕಿತು. ಹುಬ್ಬಳ್ಳಿ–ಸೊಲ್ಲಾಪುರ ರಸ್ತಾ ಕೊಣ್ಣೂರ ಹತ್ರ ಬಂದ್ ಆತು.

ನಾದಿನಿ ಎರಡು ಮಕ್ಕಳ ಕೈ ಹಿಡಕೊಂಡು ಉಟ್ಟ ಸೀರಿ ಮ್ಯಾಲ ಹೊರಗ ಬಂದ್ಲು. ಮೈಮ್ಯಾಲಿದ್ದದ್ದು ತಾಳಿ, ಕಿವ್ಯಾಗಿನವು, ಅಷ್ಟ. ಉಳಿದದ್ದು ಮಂಚದ ಕೆಳಗಿನ ಟ್ರಂಕಿನ್ಯಾಗ. ನೀರು ಇಳದ ಮ್ಯಾಲ ಹೋಗಿ ನೋಡಿದ್ರ ಟ್ರಂಕಿನ ತುಂಬಾ ಎರಿ ಮಣ್ಣಿನ ಕೆಸರು. ಗಂಟು ಸಿಕ್ಕಿತು. ಮುತ್ತಿನ ಸರದ ದಾರ ಕೊಳತು ಮುತ್ತಿನ ಮ್ಯಾಲಿನ ಹೊಳಪು ಎದ್ದಿತ್ತು. ಝುಮಕಿ ಕಲ್ಲು ಕಪ್ಪಾಗಿದ್ವು. ಬಿಲ್ವಾರ ನಾಕೂ ರಾಡಿ ಹಿಡದು ಕಬ್ಬಿಣದ ಬಳಿ ಕಂಡಂಗ ಕಾಣತಿದ್ವು. ಒಡವಿ ಪಾವತಿ, ಬ್ಯಾಂಕಿನ ಕಾಗದಾ ಎಲ್ಲಾ ಅರದ ಹಿಟ್ಟಿನ ಮುದ್ದಿ ಆಗಿದ್ವು. ಗ್ವಾಡಿ ಬಿದ್ದಿತ್ತು, ಪರಿಹಾರದ ರೊಕ್ಕ ಇನ್ನೂ ಬಂದಿರಲಿಲ್ಲ. ಆ ಹೊತ್ತಿನ್ಯಾಗ ಒಬ್ಬಾಂವ ಬಂದು, ‘ಹೊಳಿ ನೀರು ಕುಡದ ಬಂಗಾರ ಇದು, ಕಸುವು ಹೋಗೈತಿ, ಯಾರೂ ತಗೊಳ್ಳೂದಿಲ್ಲ, ನಾನ ಏನೋ ಕೊಡ್ತೇನಿ’ ಅಂದ. ಆಕಿ ಎರಡು ಬಿಲ್ವಾರ ಮುಕ್ಕಾಲು ರೇಟಿಗೆ ಕೊಟ್ಟಬಿಟ್ಲು.

ಉಳಿದ ಎರಡನ್ನ ಮುಂದ ದಸರೆಕ್ಕ ಇಲ್ಲಿಗೆ ಬಂದಾಗ ಪತ್ತಾರ ಮಾಮಾಗ ತೋರಿಸಿದ್ವಿ. ಅಂಟವಾಳಕಾಯಿ ನೀರಾಗ ಹದಿನೈದು ನಿಮಿಷ ಇಟ್ಟು ಮೆತ್ತನ ಬ್ರಶ್ಶಿಲೆ ತೊಳದ. ಬಿಲ್ವಾರ ಲಗ್ನದಾಗ ಹೆಂಗಿದ್ವೋ ಹಂಗ ಆದ್ವು. ‘ಗಟ್ಟಿ ಬಂಗಾರಕ್ಕ ಹೊಳಿ ನೀರು ಏನು ಮಾಡೀತವಾ?’ ಅಂದ. ಮನಿ ಗ್ವಾಡಿ ಬಿದ್ದಾಗ ಅಳಲಾರದಾಕಿ ಅವತ್ತು ಅತ್ಲು. ‘ವೈನಿ, ನೀರು ಒಯ್ದಿದ್ರ ದೇವರ ಇಚ್ಛಾ ಅಂತಿದ್ದೆ. ನನ್ನ ಕೈಯಾರೆ ನಾ ಕೊಟ್ಟೆನಲ್ಲರಿ’ ಅಂದ್ಲು.

ಅತ್ತಿಯವರು ಈ ಕಥಿ ನೆನಪಿಸಿದ್ದು ಬ್ಯಾರೆ ಕಾರಣಕ್ಕ. ‘ಟ್ರಂಕಿನ್ಯಾಗಿದ್ದದ್ದು ಹಾಳಾತು, ಮೈಮ್ಯಾಲಿದ್ದದ್ದು ಉಳೀತು. ಹೆಣ್ಣಮಕ್ಕಳ ಬಂಗಾರ ಮೈಮ್ಯಾಲ ಇರಬೇಕು. ನಮ್ಮ ಹಿರ್ಯಾರು ಸುಮ್ಮನ ಅಂದಿಲ್ಲ’ ಅಂದ್ರು. ಮೊದಲ ಸಲ ನನಗ ಅವರ ಮಾತಿನ ಒಳಗಿನ ಬ್ಯಾರು ಕಾಣಿಸಿತು. ತೆಗೀಬಾರದು ಅನ್ನೂದರ ಹಿಂದ ಬರೇ ಶಕುನ ಇಲ್ಲ. ಬರ, ಬೆಂಕಿ, ಹೊಳಿ, ಕಳ್ಳರು, ಮನ್ಯಾಗಿನ ಗಂಡಸರ ಸಾಲಾ, ಇವೆಲ್ಲಾ ಕಂಡ ಹೆಣ್ಣಮಕ್ಕಳು ಮಾಡಿಕೊಂಡ ಯುಕ್ತಿ ಅದು. ಹೊಲಾ ಗಂಡನ ಹೆಸರಿಲೆ, ಮನಿ ಮಾವನ ಹೆಸರಿಲೆ. ಕೊರಳಾಗಿಂದು ಒಂದ ನಮ್ಮದು. 1985ರಾಗ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನ: ಸ್ತ್ರೀಧನ ಪೂರಾ ಹೆಣ್ಣಮಗಳದ, ಗಂಡನ ಮನ್ಯಾಗ ಇಟ್ಟ ಮಾತ್ರಕ್ಕ ಅದು ಅವರದಾಗೂದಿಲ್ಲ. ಕೋರ್ಟ್ ಹೇಳೂಕಿಂತ ಮೊದಲ ನಮ್ಮವ್ವಗಳಿಗೆ ಅದು ಗೊತ್ತಿತ್ತು, ಅದಕ್ಕ ಕೊರಳು ಬಿಡ್ತಿರಲಿಲ್ಲ.

ಹಂಗಾದ್ರ ನಾ ಅನ್ನೂದು ಏನು? ಅವರ ಉದ್ದೇಶ ಖರೇ, ಇವತ್ತಿನ ದಾರಿ ಬ್ಯಾರೆ. ಅವರು ಕಾಪಾಡಾಕ ಹೇಳಿದ್ದು ಆಸ್ತಿ, ನಾವು ಹಿಡಕೊಂಡದ್ದು ಅಂಜಿಕಿ. ತೆಗದ್ರ ಏನಾಗ್ತೈತೋ ಅನ್ನೂ ಅಂಜಿಕಿಗೆ ನನ್ನ ಬೋರಮಳ ದಿನಾ ಸ್ವಲ್ಪ ಸ್ವಲ್ಪ ಬಚ್ಚಲದಾಗ ಹೋತು. ನೀರು ಬಡದ್ರ ಕೆಟ್ಟೇ ಹೋಗ್ತೈತಿ ಅನ್ನೂ ಅಂಜಿಕಿಗೆ ನಾದಿನಿ ಬಿಲ್ವಾರ ಒಂದ ದಿನದಾಗ ಹೋದ್ವು. ಇಬ್ಬರದೂ ತಿಂದದ್ದು ನೀರಲ್ಲ. ಯಾವದಕ್ಕ ನೀರು ತಾಗಿದ್ರ ಕೇಡು, ಯಾವದಕ್ಕ ಅಲ್ಲ ಅನ್ನೂದು ಇಬ್ಬರಿಗೂ ಗೊತ್ತಿರಲಿಲ್ಲ.

ಅದಕ್ಕ ನಮ್ಮನ್ಯಾಗ ಈಗ ಒಡವಿ ಎರಡು ಪಾಲು ಮಾಡೇವಿ. ಗಟ್ಟಿ ಬಂಗಾರದ ಸಣ್ಣ ತಾಳಿ ಚೈನು, ಗಟ್ಟಿ ಬಳಿ, ಇವು ದಿನಾ ಮೈಮ್ಯಾಲ. ಇವನ್ನ ಜಳಕದಾಗ ತೆಗದ್ರ ಚಲೋ, ತೆಗೀಲಿಲ್ಲಂದ್ರೂ ದೊಡ್ಡ ಹಾನಿ ಇಲ್ಲ, ಜಿಗಟು ಕುಂದ್ರತೈತಿ ಅಷ್ಟ. ಅರಗಿಂದು, ಮುತ್ತು ಹವಳದ್ದು, ದಾರದಾಗ ಪೋಣಿಸಿದ್ದು, ಬೇಗಡಿ ಕಲ್ಲಿಂದು, ಒಂದು ಗ್ರಾಂಂದು, ಇವು ಹಬ್ಬಕ್ಕ, ಲಗ್ನಕ್ಕ. ಬಚ್ಚಲಕ್ಕಂತೂ ಇಲ್ಲೇ ಇಲ್ಲ, ಸಂಕ್ರಾಂತಿಗೆ ಕೂಡಲಸಂಗಮಕ್ಕ ಹೊಳಿ ಜಳಕಕ್ಕ ಹೋಗೂ ಮುಂದ ಮನ್ಯಾಗ ಬಿಟ್ಟು ಹೋಗ್ರಿ. ತಣ್ಣೀರಿಗೆ ಬೆರಳು ಸಣ್ಣಾಗಿ ಉಂಗರ ಜಾರಿದ್ರ ಹೊಳಿ ತಿರಗಿ ಕೊಡೂದಿಲ್ಲ.

ಅರಗಿಂದು ಮಾಸಿದ್ರ ನೀರಾಗ ಅದ್ದಬ್ಯಾಡ್ರಿ. ಹಳೇ ಧೋತರದ ಮೆತ್ತನ ಅರಿವಿ ಒದ್ದಿ ಮಾಡಿ, ಹಿಂಡಿ, ಒರಸ್ರಿ. ಆಮ್ಯಾಲ ಒಣ ಅರಿವಿಲೆ ಒರಸಿ ರಾತ್ರಿಯೆಲ್ಲಾ ನೆರಳಾಗ ಬಿಡ್ರಿ. ಬಿಸಲಾಗ, ಒಲಿ ಹತ್ರ ಒಣಗಿಸಬ್ಯಾಡ್ರಿ, ಅರಗು ಮೆತ್ತಗಾಗಿ ತೂತಿನಿಂದ ಹೊರಗ ಬರ್ತೈತಿ. ಗಟ್ಟಿ ಬಂಗಾರಕ್ಕ ಅಂಟವಾ­ಳಕಾಯಿ ಉಗುರು ಬೆಚ್ಚಗಿನ ನೀರು ಸಾಕು. ಕಪ್ಪಾದ ಬೆಳ್ಳಿ ಕಾಲಚೈನಿಗೆ ಒಂದು ಸುಲಭದ ಯುಕ್ತಿ ಐತಿ. ಅಲ್ಯುಮಿನಿಯಂ ಪಾತೇಲ್ಯಾಗ ಬಿಸಿ ನೀರು ಹಾಕಿ, ಎರಡು ಚಮಚ ತಿನ್ನೂ ಸೋಡಾ ಕಲಸಿ, ಚೈನು ಪಾತೇಲಿ ತಳಕ್ಕ ತಾಗೂ ಹಂಗ ಇಡ್ರಿ. ಬೆಳ್ಳಿ ಕಪ್ಪಾಗೂದು ಗಂಧಕ ಹಿಡದು. ಆ ಗಂಧಕನ್ನ ಅಲ್ಯುಮಿನಿಯಂ ಎಳಕೋತೈತಿ, ಬೆಳ್ಳಿ ಬಿಳೇದಾಗ್ತೈತಿ. ತಿಕ್ಕಿ ಬೆಳ್ಳಿ ಸವಿಸೂ ಕೆಲಸಾ ಇಲ್ಲ. ಕಲ್ಲು, ಮುತ್ತು ಇದ್ದದ್ದಕ್ಕ, ಅರಗು ಇದ್ದದ್ದಕ್ಕ ಮಾತ್ರ ಇದನ್ನ ಮಾಡಬ್ಯಾಡ್ರಿ. ಬೆಳ್ಳಿ ಡಬ್ಬ್ಯಾಗ ಒಂದು ಖಡು ಇಡ್ರಿ, ಸಾಲ್ಯಾಗ ಬರಿತಾರಲ್ಲ ಅದ. ಮಳಿಗಾಲದ ಹಸಿ ಅದು ಹೀರಕೋತೈತಿ. ಕರಿಮಣಿ ದಾರ ವರ್ಷಕ್ಕೊಮ್ಮೆ ಹೊಸಾದು ಹಾಕಿಸ್ರಿ, ಹರಿಯೂ ತನಕ ಕಾಯಬ್ಯಾಡ್ರಿ.

ಹೊಸಾದು ಕೊಳ್ಳೂ ಮುಂದ ಒಂದು ಪ್ರಶ್ನಿ ಕೇಳಾಕ ನಾಚಬ್ಯಾಡ್ರಿ: ‘ಒಟ್ಟು ತೂಕಾ ಎಷ್ಟು, ಬರೇ ಬಂಗಾರ ಎಷ್ಟು?’ ಎರಡೂ ಪಾವತಿ ಮ್ಯಾಲ ಬರಸಿಕೊಳ್ರಿ. ಈಗಿನ ಹಾಲ್‌ಮಾರ್ಕ್ ಒಡವಿ ಮ್ಯಾಲ ಆರು ಅಕ್ಷರ-ಅಂಕಿಯ ಸಣ್ಣ ಗುರುತು ಇರ್ತೈತಿ, ಎಚ್‌ಯುಐಡಿ ಅಂತಾರ. 2023ರ ಏಪ್ರಿಲ್ 1ರಿಂದ ಅದಿಲ್ಲದ ಹಾಲ್‌ಮಾರ್ಕ್ ಒಡವಿ ಮಾರೂ ಹಂಗಿಲ್ಲ. ಫೋನಿನ್ಯಾಗ ಬಿಐಎಸ್ ಕೇರ್ ಆ್ಯಪ್ ಹಾಕ್ಕೊಂಡು ಆ ಗುರುತು ಹೊಡದ್ರ ಎಷ್ಟು ಕ್ಯಾರೆಟ್ಟು, ಯಾರು ಮಾಡಿದ್ದು ಅಂತ ಬರ್ತೈತಿ. ಪಾವತಿ ಹೊಳ್ಯಾಗ ಕರಗಿದ್ರೂ ಬಂಗಾರದ ಮ್ಯಾಲಿನ ಗುರುತು ಕರಗೂದಿಲ್ಲ. ಒಡವಿದು, ಪಾವತಿದು ಫೋಟೋ ತೆಗದು ಮಗಳಿಗೆ, ತಂಗಿಗೆ ಕಳಿಸಿ ಇಡ್ರಿ.

ಹೊಳಿ ದಂಡಿ ಊರಾಗ ಇರೂ ಅಕ್ಕಾರಿಗೆ ಒಂದು ಮಾತು. ಜೂನಿನಿಂದ ಅಕ್ಟೋಬರ್ ತನಕ ಒಂದು ಗಟ್ಟಿ ಪ್ಲಾಸ್ಟಿಕ್ ಚೀಲದಾಗ ಒಡವಿ, ಪಾವತಿ, ಪಾಸಬುಕ್ಕು, ಆಧಾರ ಕಾರ್ಡು ಹಾಕಿ, ಬಾಯಿ ಬಿಗಿದು, ಅದನ್ನ ಇನ್ನೊಂದು ಚೀಲದಾಗ ಹಾಕಿ ಇಡ್ರಿ. ಮಂಚದ ಕೆಳಗ ಬ್ಯಾಡ, ಅಟ್ಟದ ಮ್ಯಾಲ ಇರಲಿ, ಕೈಗೆ ಸಿಗೂ ಹಂಗ ಇರಲಿ. ಹೊಳಿ ಬಂತು ಅಂದ್ರ ಮಕ್ಕಳ ಕೈ ಹಿಡದು ಅದೊಂದು ತಗೊಂಡು ನಡೀರಿ. ಲಾಕರಿನ್ಯಾಗ ಇಟ್ಟೇವಿ, ಚಿಂತಿಲ್ಲ ಅನ್ನೋರಿಗೂ ಹೇಳ್ತೇನಿ: 2022ರಿಂದ ಬಂದ ರಿಸರ್ವ್ ಬ್ಯಾಂಕಿನ ನಿಯಮದಾಗ ಕಳವು, ಬೆಂಕಿ ಆದ್ರ ಬ್ಯಾಂಕು ಲಾಕರ್ ಬಾಡಿಗಿಯ ನೂರು ಪಟ್ಟಿನ ತನಕ ಕೊಡಬೇಕು. ನೆರಿ, ಭೂಕಂಪದಂಥಾ ದೇವರ ಮುನಿಸಿಗೆ ಬ್ಯಾಂಕು ಜವಾಬ್ದಾರಿ ಅಲ್ಲ. ಲಾಕರಿನ ಒಳಗೂ ಪ್ಲಾಸ್ಟಿಕ್ ಚೀಲದಾಗ ಇಡ್ರಿ. ಇನ್ನ ನೆರಿ ಇಳದ ಮ್ಯಾಲ ಯಾರರ ಬಂದು ‘ನೀರು ಕುಡದ ಬಂಗಾರ’ ಅಂದ್ರ ಬಾಗಲಾ ಹಾಕ್ಕೊಳ್ರಿ. ರಾಡಿ ತೊಳೀರಿ, ಗುರುತಿನ ಪತ್ತಾರನ ಹತ್ರ ಹೋಗ್ರಿ, ಸಾಲಾ ಬೇಕಿದ್ರ ಒತ್ತಿ ಇಡ್ರಿ. ಒತ್ತಿ ಇಟ್ಟದ್ದು ತಿರಗಿ ಬಂದೀತು, ಮಾರಿದ್ದು ಬರೂದಿಲ್ಲ.

ಮತ್ತ ಅವತ್ತಿನ ರಾತ್ರಿಗೆ ಬರೂಣ. ಕಡೀಗೆ ನಾನು ಅತ್ತಿಯವರನ್ನ ಕೇಳಿದೆ: ‘ಅತ್ತಿ, ನಿಮ್ಮ ತಾಳಿ ದಾರ ಹಾಕಿಸಾಕ ಕೊಟ್ಟಾಗ ನೀವು ಏನು ಮಾಡ್ತಿದ್ರಿ?’

‘ಅರಿಷಿಣ ಕೊಂಬು ದಾರಕ್ಕ ಕಟ್ಟಿ ಕೊರಳಾಗ ಹಾಕ್ಕೋತಿದ್ವಿ’ ಅಂದ್ರು.

‘ಅಂದ್ರ ತಾಳಿ ತೆಗೀತಿದ್ರಿ.’

ಅವರು ಸ್ವಲ್ಪ ಹೊತ್ತು ಸುಮ್ಮನಾದ್ರು. ‘ತೆಗೀತಿದ್ವಿ. ಸಂಜಿ ತನಕ ಪತ್ತಾರನ ಹತ್ರನ ಇರ್ತಿತ್ತು’ ಅಂದ್ರು. ಆಮ್ಯಾಲ ಏನೂ ಮಾತಾಡಲಿಲ್ಲ, ಮಲಗಾಕ ಹೋದ್ರು.

ನಮ್ಮ ಹಿರ್ಯಾರು ತಾಳಿ ತೆಗಿಯೂದಕ್ಕೂ ಒಂದು ದಾರಿ ಇಟ್ಟಿದ್ರು ನೋಡ್ರಿ. ಅರಿಷಿಣ ಕೊಂಬಿನ ಹೊತ್ತಿಗೆ ಇಡೀ ದಿನಾ ನಡೀತಿದ್ರ ಹತ್ತು ನಿಮಿಷದ ಜಳಕಕ್ಕ ಯಾಕ ನಡಿಯೂದಿಲ್ಲ? ಮನಸ್ಸಿಗೆ ಸಮಾಧಾನ ಆಗಲಿಲ್ಲಂದ್ರ ಎರಡು ಕರಿಮಣಿ ದಾರದಾಗ ಹಾಕಿ ಕೊರಳಾಗ ಬಿಟ್ಟು ಉಳಿದದ್ದು ತೆಗೀರಿ. ಯಾರಿಗೆ ತೆಗಿಯೂದ ಬ್ಯಾಡೋ ಅವರು ಗಟ್ಟಿ ಚೈನಿನ್ಯಾಗ ಮಾಡಿಸಿಕೊಳ್ರಿ. ಆದ್ರ ಹೊಸಾ ಸೊಸಿ ತೆಗದು ಇಟ್ಟದ್ದು ಕಂಡ್ರ ಆಕಿ ಗಂಡನ ಆಯುಷ್ಯದ ಮಾತು ತೆಗಿಬ್ಯಾಡ್ರಿ. ಆಕಿ ತನ್ನ ಆಸ್ತಿ ಜ್ವಾಕಿ ಮಾಡಾಕತ್ತಾಳ. ನಮ್ಮವ್ವ ನನಗ ಹೇಳಿದ ಜ್ವಾಕಿ ಅದ. ನನಗ ತಿಳೀಲಿಲ್ಲ, ನನ್ನ ಮಗಳಿಗೆ ತಿಳದೈತಿ.

ಮರುದಿನಾ ಮುಂಜಾನೆ ಮಗಳು ಮತ್ತ ಜಳಕಕ್ಕ ಹೊಂಟ್ಲು. ಕೊರಳಿಗೆ ಕೈ ಹಾಕಿ, ಅಂಜಿ, ಆಯಿ ಕಡೆ ನೋಡಿದ್ಲು. ಅತ್ತಿಯವರು ಎದ್ದು ದೇವರ ಮನಿಗೆ ಹೋಗಿ ತಮ್ಮ ಹಳೇ ಹಿತ್ತಾಳಿ ಕುಂಕುಮದ ಭರಣಿ ತಂದ್ರು. ಒಳಗ ತೊಳದು ಒರಸಿ, ಮೆತ್ತನ ಅರಿವಿ ಹಾಸಿದ್ರು.

‘ಮೊಳಿಗೆ ಹಾಕಬ್ಯಾಡ’ ಅಂದ್ರು. ‘ಇದರಾಗ ಇಟ್ಟು ಹೋಗು. ನಾ ಇಲ್ಲೇ ಕುಂತಿರ್ತೇನಿ.’